ಎರಡನೆಯ ಗುಡ್ಡ

"ನಿಲ್ಲಿಸಿ, ನಿಲ್ಲಿಸಿ! ಗೋಡೆ ಕೆರೀತಿದೆ!"

ಎರಡನೆಯ ಮಹಡಿಯಿಂದ ಇಳಿಯುವ ಮೆಟ್ಟಿಲ ತಿರುವಿನಲ್ಲಿ ಶವಪೆಟ್ಟಿಗೆ ಸಿಕ್ಕಿಹಾಕಿಕೊಂಡಿತು. ಮುಂದೆ ಇಬ್ಬರು, ಹಿಂದೆ ಇಬ್ಬರು ಹೊತ್ತಿದ್ದರು. ಪೆಟ್ಟಿಗೆಯೊಳಗೆ ಗೋಂದಕ್ಕ. ನಾಲ್ವರೂ ಒಂದು ಕಾಲದಲ್ಲಿ ಅವಳು ಕೆಲಸ ಮಾಡುತ್ತಿದ್ದ ಪ್ರಯೋಗಾಲಯದಲ್ಲಿ ಸಂಶೋಧನೆ ಮಾಡಿದವರು. ಈಗ ನಾಲ್ವರಿಗೂ ಹೊಟ್ಟೆ ಬಂದಿತ್ತು, ಇಬ್ಬರಿಗೆ ಮಂಡಿನೋವು. ಅವರಲ್ಲಿ ಎಲ್ಲರಿಗಿಂತ ಎತ್ತರದವನನ್ನು ಉದ್ದಣ್ಣ ಎಂದೇ ಕರೆಯುತ್ತಿದ್ದರು. ಆ ಪ್ರಯೋಗಾಲಯಕ್ಕೆ ಈಗ ಅವನೇ ಮುಖ್ಯಸ್ಥ. ಪೆಟ್ಟಿಗೆಯ ಮೂಲೆಯನ್ನು ಹೆಗಲಿಗೆ ಆನಿಸಿಕೊಂಡು, ಬಿಡುವಾಗಿದ್ದ ಕೈಯಿಂದ ಗೋಡೆಯನ್ನು ಗೇಣು ಹಾಕಿ ನೋಡಿದ.

"ಅಳತೆ ಪ್ರಕಾರ ಇದು ತಿರುಗಲೇಬೇಕು."

"ಅಳತೆ ಆಮೇಲೆ ನೋಡೋಣಪ್ಪ. ನನ್ನ ಕೈ ಕಿತ್ತು ಬರ್ತಿದೆ," ಎಂದ ಹಿಂದಿನವನು.

ಕೆಳಗಿನಿಂದ ಒಂದು ಗಡಸು ದನಿ ಕೇಳಿತು. "ಕಾಲು ಮುಂದಾಗಿ ಬರ್ತಿದೆಯೋ, ತಲೆ ಮುಂದಾಗಿಯೋ?"

ಅದು ಸಿಸ್ಟರಮ್ಮ. ಎಪ್ಪತ್ತೆಂಟು ವರ್ಷ. ಹೆರಿಗೆ ಆಸ್ಪತ್ರೆಯಲ್ಲಿ ಮೂವತ್ತೈದು ವರ್ಷ ದಾದಿಯಾಗಿದ್ದವಳು. ಗೋಂದಕ್ಕನ ಗೆಳತಿ.

"ಕಾಲು ಮುಂದಾಗಿ," ಎಂದ ಉದ್ದಣ್ಣ.

"ಅದಕ್ಕೇ ಮತ್ತೆ ಸಿಕ್ಕಿಕೊಂಡಿರೋದು! ವಾಪಸ್ ಮೇಲಕ್ಕೆ ತಗೊಂಡು ಹೋಗಿ, ತಿರುಗಿಸಿ, ತಲೆ ಮೊದಲು ಬರಲಿ. ಇಷ್ಟೂ ಗೊತ್ತಾಗಲ್ವಾ ನಿಮಗೆ?"

ನಾಲ್ವರೂ ಏದುಸಿರು ಬಿಡುತ್ತ ಪೆಟ್ಟಿಗೆಯನ್ನು ಮೇಲಕ್ಕೆ ಒಯ್ದರು. ಎದುರುಮನೆಯವರು ಬಾಗಿಲು ತೆಗೆದುಕೊಟ್ಟರು. ಅವರ ಹಜಾರದೊಳಕ್ಕೆ ಅರ್ಧ ಹೊಕ್ಕು, ಟೀವಿಗೆ ತಗಲದಂತೆ ಪೆಟ್ಟಿಗೆಯನ್ನು ತಿರುಗಿಸಿದ್ದಾಯಿತು. ಮತ್ತೆ ಮೆಟ್ಟಿಲು. ಸಿಸ್ಟರಮ್ಮ ಕೆಳಗೆ ನಿಂತೇ ಆಜ್ಞೆ ಕೊಡುತ್ತಿದ್ದಳು: "ನಿಧಾನ. ಅವಸರ ಬೇಡ. ಸ್ವಲ್ಪ ಎಡಕ್ಕೆ. ಹಾಂ, ಈಗ ತಳ್ಳಿ. ಸಾಕು, ಉಸಿರು ತಗೊಳ್ಳಿ. ಇನ್ನೊಂದ್ಸಲ ತಳ್ಳಿ."

ತಿರುವನ್ನು ದಾಟಿ ಪೆಟ್ಟಿಗೆ ಸಲೀಸಾಗಿ ಇಳಿಯಿತು. ಮೇಲೆ ಬಾಗಿಲಲ್ಲಿ ನಿಂತು ಬೆಳಗಿನಿಂದ ಅಳುತ್ತಿದ್ದ ಗೋಂದಕ್ಕನ ತಂಗಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಭುಜ ಕುಲುಕುತ್ತಿತ್ತು. ಅಳುತ್ತಿದ್ದಾಳೆಂದು ಎದುರುಮನೆಯಾಕೆ ಬೆನ್ನು ಸವರಲು ಬಂದಳು; ಅವಳು ನಗುತ್ತಿದ್ದಳು.

ಬೀದಿಬಾಗಿಲಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಮೇಷ್ಟ್ರು ಕೂತಿದ್ದರು. ಎಂಬತ್ತಾರು ವರ್ಷ. ಆ ಪ್ರಯೋಗಾಲಯವನ್ನು ಕಟ್ಟಿದವರು. ಕಿವಿಯ ಯಂತ್ರ ಆಗಾಗ ಕುಂಯ್ ಎನ್ನುತ್ತಿತ್ತು. ಗದ್ದಲ ಯಾಕೆಂದು ಅವರಿಗೆ ತಿಳಿದಿರಲಿಲ್ಲ.

"ಬಂತೇನಮ್ಮ?" ಎಂದು ಕೇಳಿದರು.

"ಬಂತು ಮೇಷ್ಟ್ರೇ," ಎಂದಳು ಸಿಸ್ಟರಮ್ಮ ಜೋರಾಗಿ. "ಹೆಣ್ಣು."

*

ಗೋಂದಕ್ಕ ಎಂಬುದು ಕೆಲಸದಿಂದ ಬಂದ ಹೆಸರು.

ನಮ್ಮ ಮೈಯ ಒಂದೊಂದು ಜೀವಕೋಶದೊಳಗೂ ಡಿಎನ್‌ಎ ಎಂಬ ಬಲು ಉದ್ದನೆಯ, ಬಲು ಸಪೂರವಾದ ಎಳೆ ಮಡಚಿಕೊಂಡಿರುತ್ತದೆ. ಬಿಸಿಲು ತಗಲಿದರೂ ಅದು ಕಡಿಯುತ್ತದೆ, ಹೊಗೆ ಕುಡಿದರೂ ಕಡಿಯುತ್ತದೆ. ಏನೂ ಮಾಡದೆ ಸುಮ್ಮನೆ ಕೂತಿದ್ದರೂ ದಿನಕ್ಕೆ ಸಾವಿರಾರು ಕಡೆ ಕಡಿಯುತ್ತದೆ. ಕಡಿದ ತುದಿಗಳನ್ನು ಹುಡುಕಿ ಮತ್ತೆ ಬೆಸೆಯುವ ಕಿಣ್ವಗಳು ಕೋಶದಲ್ಲೇ ಇವೆ. ಅಂಥವು ಎಷ್ಟಿವೆ, ಯಾವುದು ಯಾವ ಕಡಿತವನ್ನು ಬೆಸೆಯುತ್ತದೆ ಎಂದು ಹುಡುಕುವುದು ಮೇಷ್ಟ್ರ ಕೆಲಸ. ಅವನ್ನು ಹಿಡಿದು, ತೊಳೆದು, ಒಂದರಿಂದ ಒಂದನ್ನು ಬೇರೆ ಮಾಡಿ ಮೇಷ್ಟ್ರ ಮುಂದೆ ಇಡುವುದು ಇವಳ ಕೆಲಸ. ಕೆಲಸಕ್ಕೆ ಸೇರಿಸಿಕೊಳ್ಳುವಾಗ ಮೇಷ್ಟ್ರು ಕೇಳಿದ್ದು ಒಂದೇ ಪ್ರಶ್ನೆ: "ಚಳಿ ತಡೀತೀಯೇನಮ್ಮ?" ತಡೆಯುತ್ತೇನೆ ಎಂದಳು. ಕಿಣ್ವಗಳು ಬಿಸಿಗೆ ಕೆಡುತ್ತವೆ. ಆದ್ದರಿಂದ ಕೆಲಸವೆಲ್ಲ ಬಾಗಿಲು ಬಿಗಿದ ತಣ್ಣನೆಯ ಕೋಣೆಯಲ್ಲಿ. ಊರೆಲ್ಲ ಬೆವರುವಾಗ ಅವಳು ದಪ್ಪ ಸ್ವೆಟರ್ ಹಾಕಿಕೊಂಡು ಒಳಗೆ ಹೋಗುವಳು, ಮೂಗು ಕೆಂಪಗೆ ಮಾಡಿಕೊಂಡು ಹೊರಗೆ ಬರುವಳು. ಹೀಗೆ ಮೂವತ್ತನಾಲ್ಕು ವರ್ಷ.

ಕಿಣ್ವ ತೆಗೆಯಲು ಬೇಕಾದದ್ದು ಮಾಸು. ತಾಯಿಯ ಹೊಟ್ಟೆಯಲ್ಲಿ ಒಂಬತ್ತು ತಿಂಗಳು ಮಗುವನ್ನು ಸಾಕಿ, ಮಗುವಿನ ಹಿಂದೆಯೇ ಹೊರಬರುವ ಮಾಸು. ಮಗು ಅತ್ತಿತೆಂದರೆ ಅದನ್ನು ಯಾರೂ ತಿರುಗಿ ನೋಡುವುದಿಲ್ಲ. ಗೋಂದಕ್ಕ ಐಸ್ ತುಂಬಿದ ಬಕೆಟ್ ಹಿಡಿದು ಊರಾಚೆಯ ಹೆರಿಗೆ ಆಸ್ಪತ್ರೆಗೆ ಹೋದ ಮೊದಲ ದಿನ ಸಿಸ್ಟರಮ್ಮ ಸೊಂಟದ ಮೇಲೆ ಕೈಯಿಟ್ಟು ಅಡ್ಡ ನಿಂತಿದ್ದಳು.

"ಏನ್ ಮಾಡ್ತೀರಿ ಇದನ್ನ ತಗೊಂಡು ಹೋಗಿ?"

"ಗೋಂದು ತೆಗೀತೀವಿ."

"ಏನಂಟಿಸೋಕೆ?"

"ನಾವೇನೂ ಅಂಟಿಸಲ್ಲ. ನೀವು ನಾನು ಬಿಚ್ಚಿಹೋಗದ ಹಾಗೆ ಒಳಗಿಂದ ಯಾರೋ ಅಂಟಿಸ್ತಾ ಇದಾರಲ್ಲ, ಅವರು ಯಾರು ಅಂತ ನೋಡ್ತೀವಿ."

ಸಿಸ್ಟರಮ್ಮ ಅವಳನ್ನು ಮೇಲಿಂದ ಕೆಳಗೆ ನೋಡಿದಳು. ಬೇಸಗೆಯಲ್ಲಿ ಸ್ವೆಟರ್, ಕೈಯಲ್ಲಿ ಬಕೆಟ್. "ತಾಯಂದಿರನ್ನ ಕೇಳಿ, ಅವರು ಹೂಂ ಅಂದ್ರೆ ಕೊಡ್ತೀನಿ," ಎಂದಳು. ತಾಯಂದಿರು ಹೂಂ ಎಂದರು. ಕೆಲವರು "ಅದ್ರಿಂದ ಏನಾದ್ರೂ ಗೊತ್ತಾದ್ರೆ ನಮಗೂ ಹೇಳಿ" ಎಂದರು. ಅವತ್ತಿನಿಂದ ಇಬ್ಬರೂ ಒಬ್ಬರಿಗೊಬ್ಬರು ಅಂಟಿಕೊಂಡರು.

ವಾಪಸು ಬರಲು ಬಸ್ಸೇ ಗತಿ. ಬಕೆಟ್ಟಿನಲ್ಲಿ ಮೀನೇ ಎಂದು ಒಂದು ದಿನ ಕಂಡಕ್ಟರ್ ಕೇಳಿದ. ಅವಳು ಸುಳ್ಳು ಹೇಳುವವಳಲ್ಲ. ಇದ್ದದ್ದು ಇದ್ದ ಹಾಗೆ ಹೇಳಿದಳು. ಆಮೇಲೆ ಅವಳು ಹತ್ತಿದರೆ ಸಾಕು, ಎಷ್ಟೇ ನೂಕುನುಗ್ಗಲಿರಲಿ, ಪಕ್ಕದ ಸೀಟು ಖಾಲಿಯಾಗುತ್ತಿತ್ತು.

ಪ್ರಯೋಗಾಲಯದಲ್ಲಿ ಮಾಸನ್ನು ತೊಳೆದು, ಕೊಚ್ಚಿ, ಅರೆದು, ಸೋಸಿ, ಉದ್ದನೆಯ ಗಾಜಿನ ಕೊಳವೆಯಲ್ಲಿ ಇಳಿಯಬಿಟ್ಟು ಹನಿಹನಿಯಾಗಿ ನೂರು ಪುಟ್ಟ ಸೀಸೆಗಳಲ್ಲಿ ಹಿಡಿಯಬೇಕು. ಮೂರು ದಿನದ ಕೆಲಸ. ಯಾವ ಸೀಸೆಯ ಹನಿ ಕಡಿದ ಎಳೆಯನ್ನು ಎಷ್ಟು ಬೆಸೆಯಿತೆಂದು ಅಳೆದು ಗ್ರಾಫ್ ಹಾಳೆಯ ಮೇಲೆ ಗೆರೆ ಎಳೆದರೆ, ಕಿಣ್ವ ಇರುವ ಕಡೆ ಗೆರೆ ಗುಡ್ಡದ ಹಾಗೆ ಏಳುತ್ತದೆ. ದೊಡ್ಡ ಗುಡ್ಡವೊಂದು ಎಲ್ಲರಿಗೂ ಗೊತ್ತಿದ್ದದ್ದೇ. ಅದರಾಚೆ ಒಂದು ಪುಟ್ಟ ಗುಡ್ಡ ಮೇಷ್ಟ್ರ ಕಣ್ಣಿಗೆ ಬಿತ್ತು. ಹೊಸ ಕಿಣ್ವ! ಮೇಷ್ಟ್ರು ಅದರ ಮೇಲೆ ಲೇಖನ ಬರೆದರು, ದೇಶವಿದೇಶದ ಸಭೆಗಳಲ್ಲಿ ಭಾಷಣ ಮಾಡಿದರು. ಆ ಎರಡನೆಯ ಗುಡ್ಡದ ದೆಸೆಯಿಂದ ಅವರು ಮೊದಲ ಸಲ ವಿಮಾನ ಹತ್ತಿದರು.

ಗೋಂದಕ್ಕನಿಗೆ ಮಾತ್ರ ಆ ಗುಡ್ಡದ ಮೇಲೆ ಅನುಮಾನ. ಒಂದು ವಾರ ಎತ್ತರ, ಒಂದು ವಾರ ಗಿಡ್ಡ. ನಿನ್ನ ಕೈ ಸ್ಥಿಮಿತದಲ್ಲಿಲ್ಲ ಎಂದು ಮೇಷ್ಟ್ರು ಬೈದರು. ಹೆರಿಗೆ ಎಷ್ಟು ಗಂಟೆಗೆ ಆಯಿತು, ಬಸ್ಸು ಎಷ್ಟು ಗಂಟೆಗೆ ಬಂತು, ಬಕೆಟ್ಟಿನ ಐಸ್ ಎಷ್ಟು ಕರಗಿತ್ತು ಎಂದು ನೋಟುಪುಸ್ತಕದ ಅಂಚಿನಲ್ಲಿ ಬರೆದಿಡತೊಡಗಿದಳು. ಏಳು ತಿಂಗಳು ಬರೆದಳು. ಆಮೇಲೆ ಒಂದು ಮಧ್ಯಾಹ್ನ ಪುಟಗಳನ್ನು ಪಕ್ಕಪಕ್ಕ ಹರಡಿಕೊಂಡು ನೋಡಿದಳು. ಬಸ್ಸು ತಡವಾದಷ್ಟೂ ಗುಡ್ಡ ಎತ್ತರ.

*

ಗೋಂದಕ್ಕನ ತಂಗಿಯ ಮಗಳು ನಗರಸಾರಿಗೆಯ ಬಸ್ಸು ಓಡಿಸುತ್ತಿದ್ದಳು. ಡಿಪೊದವರು ಅವತ್ತು ಅವಳಿಗೆ ರಜೆಯ ಜೊತೆ ಬಸ್ಸನ್ನೂ ಕೊಟ್ಟಿದ್ದರು. ಮುಂದೆ ಹೆಣದ ವ್ಯಾನು, ಹಿಂದೆ ಅವಳ ಬಸ್ಸು. ಅದರ ತುಂಬ ಪ್ರಯೋಗಾಲಯದವರು, ಆಸ್ಪತ್ರೆಯವರು, ಅಕ್ಕಪಕ್ಕದವರು. "ವಿಶೇಷ" ಎಂದು ಬೋರ್ಡು ಹಾಕಿದ್ದರೂ ಕೆಂಪುದೀಪದಲ್ಲಿ ನಿಂತಾಗ ಚೀಲ ಹಿಡಿದ ಒಬ್ಬ ಹತ್ತೇಬಿಟ್ಟ.

"ಸ್ಟೇಷನ್ನಿಗೆ ಹೋಗುತ್ತಾ?"

"ಸ್ಮಶಾನಕ್ಕೆ," ಎಂದಳು ಅವಳು.

"ಅಯ್ಯೋ, ಅಷ್ಟು ಅವಸರ ಇಲ್ಲಮ್ಮ ನನಗೆ," ಎಂದು ಅವನು ಇಳಿದುಹೋದ. ಬಸ್ಸಿಗೆ ಬಸ್ಸೇ ನಕ್ಕಿತು. ಮೇಷ್ಟ್ರು ಮಾತ್ರ ಕಿಟಕಿಯಾಚೆ ನೋಡುತ್ತಿದ್ದರು.

ಡ್ರೈವರ್ ಸೀಟಿನ ಹಿಂದೆಯೇ ತಂಗಿ, ಸಿಸ್ಟರಮ್ಮ ಕೂತಿದ್ದರು. ತಂಗಿ ಅಂಚೆ ಕಚೇರಿಯ ಕೌಂಟರಿನಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ಪಿಸುಮಾತು ಕೂಡ ಗಾಜಿನಾಚೆಗೆ ಕೇಳುವಂತೆ ಆಡುವ ಅಭ್ಯಾಸ.

"ಮೇಷ್ಟ್ರು ಅಲ್ಲಿ ನಾಲ್ಕು ಮಾತು ಆಡ್ತಾರಂತೆ," ಎಂದಳು.

"ಏನಂತಾರೆ? ಪ್ರಾಮಾಣಿಕಳು, ಶ್ರಮಜೀವಿ, ಒಂದು ದಿನ ತಡವಾಗಿ ಬಂದವಳಲ್ಲ," ಎಂದಳು ಸಿಸ್ಟರಮ್ಮ. "ಇಷ್ಟೇ ತಾನೆ?"

ಮುಂದಿನ ಕೆಂಪುದೀಪದಲ್ಲಿ ಮಗಳು ಬ್ರೇಕು ಹಾಕಿದಳು. "ಬಕೆಟ್ಟಿನ ವಿಷಯ ಅವರು ಹೇಳದಿದ್ರೆ ನಾನೇ ಹೇಳ್ತೀನಿ. ದೊಡ್ಡಮ್ಮನ ನೋಟುಪುಸ್ತಕ ತಂದಿದೀನಿ."

"ಸುಮ್ನಿರೇ. ಇವತ್ತೊಂದಿನ ಜಗಳ ಬೇಡ," ಎಂದಳು ತಂಗಿ.

"ಜಗಳ ಅಲ್ಲಮ್ಮ. ಹೋದ ತಿಂಗಳು ದೊಡ್ಡಮ್ಮನ್ನ ಕೇಳಿದೆ. ಲೇಖನದಲ್ಲಿ ನಿನ್ನ ಹೆಸರು ಹಾಕಲಿಲ್ವಲ್ಲ, ನಿಂಗೆ ಬೇಜಾರಾಗಲಿಲ್ವಾ ಅಂತ. ಎರಡು ದಿನ ಬೇಜಾರಾಯ್ತು, ಮೂರನೇ ದಿನ ಐಸ್ ಮಿಷಿನ್ ಬಂತು ಅಂತ ನಕ್ಕಳು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, ಒಂದ್ಸಲ ಎಲ್ಲರ ಮುಂದೆ ಹೇಳಿದ್ರೆ ಚೆನ್ನಾಗಿತ್ತು ಅಂದಳು."

ಅಕ್ಕ ಆ ಮಾತನ್ನು ತಂಗಿಯ ಮುಂದೆ ಒಂದು ದಿನವೂ ಆಡಿರಲಿಲ್ಲ.

"ದೀಪ ಹಸಿರಾಯ್ತು ನೋಡೇ," ಎಂದಳು ತಂಗಿ.

*

ಬಸ್ಸು ಓಡಿಸುವ ಆ ಮಗಳು ಹುಟ್ಟಿದ್ದು ಮೂವತ್ತೆಂಟು ವರ್ಷದ ಹಿಂದೆ, ಒಂದು ಬುಧವಾರ ನಡುಮಧ್ಯಾಹ್ನ.

ಹೆರಿಗೆ ಕೋಣೆಯ ಬಾಗಿಲಲ್ಲಿ ಗೋಂದಕ್ಕ ಬೆಳಗಿನಿಂದ ನಿಂತಿದ್ದಳು. ಸ್ವೆಟರ್ ಹಾಕಿಕೊಂಡೇ ಬಂದಿದ್ದಳು. ಈ ಸಲ ಐಸ್ ಕರಗಲೇಬಾರದೆಂದು ಒಂದಲ್ಲ, ಎರಡು ಬಕೆಟ್ ಐಸ್. ತಣ್ಣಗೆ ಮಾಡಿದ ಉಪ್ಪುನೀರಿನ ಸೀಸೆಗಳು ಬೇರೆ. ಒಳಗಿನಿಂದ ತಂಗಿ ಕಿರುಚಿದಳು:

"ಅಕ್ಕಾ! ನನ್ನ ನೋಡೋಕೆ ಬಂದಿದೀಯೋ, ಮಾಸು ತಗೊಂಡು ಹೋಗೋಕೆ ಬಂದಿದೀಯೋ?"

"ಎರಡಕ್ಕೂ ಕಣೇ! ನೀನು ಕಿರುಚೋದು ಬಿಟ್ಟು ಸಿಸ್ಟರಮ್ಮ ಹೇಳಿದ ಹಾಗೆ ಕೇಳು!"

"ಇವರಿಬ್ಬರನ್ನೂ ಹೊರಗೆ ಕಳಿಸ್ರೀ," ಎಂದು ಡಾಕ್ಟರಮ್ಮ ರೇಗಿದಳು. ಒಬ್ಬಳನ್ನು ಕಳಿಸುವಂತಿರಲಿಲ್ಲ, ಇನ್ನೊಬ್ಬಳು ಆಗಲೇ ಹೊರಗಿದ್ದಳು.

ಹನ್ನೆರಡು ನಲವತ್ತಕ್ಕೆ ಮಗು ಅತ್ತಿತು. ಹನ್ನೆರಡು ಐವತ್ತೊಂದಕ್ಕೆ ಸಿಸ್ಟರಮ್ಮ ಬಾಗಿಲು ತೆಗೆದು ತಟ್ಟೆ ಚಾಚಿದಳು. ಗೋಂದಕ್ಕ ಅಲ್ಲೇ ಮೊಣಕಾಲೂರಿ, ತಣ್ಣನೆಯ ಉಪ್ಪುನೀರಿನಲ್ಲಿ ಮಾಸನ್ನು ತೊಳೆದು, ಚೂರು ಮಾಡಿ ಐಸಿನೊಳಗೆ ಹುಗಿದಳು. ಎರಡು ನಿಮಿಷ. ಬಕೆಟ್ ಎತ್ತಿಕೊಂಡು ಓಡಿದಳು. ಗೇಟಿನ ಹತ್ತಿರ ಆಸ್ಪತ್ರೆಯ ಜೀಪು ಕಾಯುತ್ತಿತ್ತು. ಅದನ್ನೂ ಸಿಸ್ಟರಮ್ಮನೇ ಗೊತ್ತುಮಾಡಿದ್ದಳು. ಜೀಪಿಗೆ ಒಂದು ಕಾಲು ಇಟ್ಟವಳು ಅಯ್ಯೋ ಎಂದು ಇಳಿದು ಬಕೆಟ್ಟಿನ ಸಮೇತ ವಾಪಸು ಓಡಿಬಂದಳು.

"ಏನಾಯ್ತು? ಏನು ಮರೆತೆ?" ಎಂದಳು ಸಿಸ್ಟರಮ್ಮ ಗಾಬರಿಯಿಂದ.

"ಮಗು ನೋಡಲಿಲ್ಲ ಕಣೇ!"

ಸಿಸ್ಟರಮ್ಮ ಬಟ್ಟೆ ಸರಿಸಿ ತೋರಿಸಿದಳು. ಗೋಂದಕ್ಕ ಬಗ್ಗಿ ನೋಡಿದಳು. ಕೈ ಮುಟ್ಟಿಸಲಿಲ್ಲ, ಕೈ ಮಂಜುಗಡ್ಡೆಯಾಗಿತ್ತು. "ಚೆನ್ನಾಗಿದಾಳೆ," ಎಂದಳು. ಕಣ್ಣಲ್ಲಿ ನೀರು ತುಂಬಿಕೊಂಡು ಮತ್ತೆ ಓಡಿದಳು. ತಂಗಿ ಮಲಗಿದಲ್ಲಿಂದಲೇ ಬೈಯುತ್ತಿದ್ದದ್ದು ಗೇಟಿನ ತನಕ ಕೇಳುತ್ತಿತ್ತು.

ಮೂರು ದಿನದ ಮೇಲೆ ಗ್ರಾಫಿನ ಮೇಲೆ ಗೆರೆ ಎಳೆದಾಗ ದೊಡ್ಡ ಗುಡ್ಡ ಎಂದಿನ ಹಾಗೇ ಎದ್ದಿತ್ತು. ಅದರಾಚೆ, ಎರಡನೆಯ ಗುಡ್ಡ ಇರಬೇಕಾದ ಕಡೆ, ಗೆರೆ ಮೇಜಿನಷ್ಟು ಮಟ್ಟಸವಾಗಿತ್ತು. ಅವಳು ಅದನ್ನು ಮೇಷ್ಟ್ರ ಮುಂದೆ ಇಟ್ಟಳು.

"ಸಾರ್, ಇದು ಹೊಸ ಕಿಣ್ವ ಅಲ್ಲ ಅನ್ಸುತ್ತೆ. ಇನ್ಯಾವುದೋ ದೊಡ್ಡದರ ತುಂಡು. ದಾರೀಲಿ ಐಸ್ ಕರಗಿ, ಬಿಸಿಗೆ ತುಂಡಾಗ್ತಿದೆ. ಬಸ್ಸು ತಡ ಮಾಡಿದ ದಿನ ಜಾಸ್ತಿ ತುಂಡು."

ಮೇಷ್ಟ್ರು ಹಾಳೆಯನ್ನು ನೋಡಿದರು, ಅವಳನ್ನು ನೋಡಿದರು. "ಸೀಸೆ ಅದಲುಬದಲು ಮಾಡಿದೀಯ," ಎಂದರು. ಹನ್ನೊಂದು ದಿನ ಅವಳ ಜೊತೆ ಮಾತಾಡಲಿಲ್ಲ. ಅವಳು ಹನ್ನೊಂದು ದಿನವೂ ವೇಳೆಗೆ ಸರಿಯಾಗಿ ಬಂದು ಸೀಸೆ ತೊಳೆದಳು.

*

ನಗರಸಭೆಯ ಸ್ಮಶಾನದಲ್ಲಿ ಹನ್ನೊಂದು ಗಂಟೆಗೆ ಹೊತ್ತು ಗೊತ್ತಾಗಿತ್ತು. ಗುಂಡಿ ಸಿದ್ಧವಿತ್ತು. ಪೆಟ್ಟಿಗೆಯನ್ನು ಹಗ್ಗದ ಮೇಲೆ ಇಟ್ಟರು. ಬಿಸಿಲು ಚುರುಗುಟ್ಟುತ್ತಿತ್ತು. ಮೇಷ್ಟ್ರ ತಲೆಯ ಮೇಲೆ ಉದ್ದಣ್ಣ ಕೊಡೆ ಹಿಡಿದ. ಮೇಷ್ಟ್ರು ಜೇಬಿನಿಂದ ನಾಲ್ಕು ಮಡಿಕೆಯ ಹಾಳೆ ತೆಗೆದು ಓದಿದರು.

"ಇವರು ಮೂವತ್ತನಾಲ್ಕು ವರ್ಷ ನಮ್ಮ ಪ್ರಯೋಗಾಲಯದಲ್ಲಿ ದುಡಿದರು. ಪ್ರಾಮಾಣಿಕರು. ಶ್ರಮಜೀವಿ. ಒಂದು ದಿನವೂ ತಡವಾಗಿ ಬಂದವರಲ್ಲ."

ಸಿಸ್ಟರಮ್ಮ ತಂಗಿಯ ಪಕ್ಕೆಗೆ ಮೊಣಕೈಯಿಂದ ತಿವಿದಳು. ಮಗಳು ಕೈಚೀಲದ ಜಿಪ್ಪು ಎಳೆದಳು. ತಂಗಿ ಅವಳ ಕೈ ಹಿಡಿದುಕೊಂಡಳು. ಒಂದು ಕ್ಷಣ ಹಾಗೇ ಹಿಡಿದಿದ್ದು, ಆಮೇಲೆ ಬಿಟ್ಟಳು.

ಮಗಳು ನೋಟುಪುಸ್ತಕವನ್ನು ತೆಗೆದುಕೊಂಡು ಹೋಗಿ ಮೇಷ್ಟ್ರ ಕೈಗೇ ಕೊಟ್ಟಳು. "ದೊಡ್ಡಮ್ಮಂದು," ಎಂದಷ್ಟೇ ಹೇಳಿದಳು.

ಮೇಷ್ಟ್ರು ಕನ್ನಡಕವನ್ನು ಹಣೆಗೇರಿಸಿ ಪುಟ ತಿರುವಿದರು. ಅಂಚಿನಲ್ಲಿ ಸಣ್ಣ ಅಕ್ಷರ. ಹೆರಿಗೆ ಹತ್ತು ಇಪ್ಪತ್ತಕ್ಕೆ, ಬಸ್ಸು ಹನ್ನೊಂದೂವರೆಗೆ, ಐಸ್ ಪೂರ್ತಿ ನೀರು, ಗುಡ್ಡ ಎತ್ತರ. ಅವರು ಇನ್ನೊಂದು ಪುಟ ತಿರುವಿದರು, ಮತ್ತೊಂದು. ಜನ ಕಾಲು ಬದಲಿಸಿದರು. ಹಗ್ಗ ಹಿಡಿದವರು ಮುಖ ಮುಖ ನೋಡಿಕೊಂಡರು.

"ಇದನ್ನ ನಾನು ನೋಡೇ ಇರಲಿಲ್ಲ," ಎಂದರು ಮೇಷ್ಟ್ರು. "ಆವತ್ತು ಗ್ರಾಫ್ ಒಂದೇ ತೋರಿಸಿದ್ದಳು. ಏಳು ತಿಂಗಳು ಬರೆದಿದಾಳೆ."

"ಜೋರಾಗಿ ಹೇಳಿ ಮೇಷ್ಟ್ರೇ! ಬಕೆಟ್ ಕತೆ ಹೇಳಿ!" ಎಂದು ಸಿಸ್ಟರಮ್ಮ ಹಿಂದಿನಿಂದ ಕೂಗಿದಳು.

"ಏನು?"

"ಬಕೆಟ್ಟು! ಬಕೆಟ್ಟು!"

ಮೇಷ್ಟ್ರು ತಾವು ಬರೆದು ತಂದಿದ್ದ ಹಾಳೆಯನ್ನು ಮಡಿಸಿ ಜೇಬಿಗೆ ಹಾಕಿದರು. ಉದ್ದಣ್ಣನ ತೋಳು ಹಿಡಿದುಕೊಂಡು ಒಂದು ಹೆಜ್ಜೆ ಮುಂದೆ ಬಂದರು.

"ಇಲ್ಲಿರೋ ವಿದ್ಯಾರ್ಥಿಗಳಿಗೆ ನಾನು ಎಷ್ಟು ಸಲ ಪಾಠ ಮಾಡಿದೀನೋ. ಎರಡನೇ ಕಿಣ್ವ ಅನ್ನೋದು ಇರಲೇ ಇಲ್ಲ, ಅದು ಬರೀ ತುಂಡು, ಅದನ್ನ ನಾವು ಹೇಗೆ ಪತ್ತೆ ಮಾಡಿದ್ವಿ ಅಂತ. ಐಸಿನಲ್ಲಿಟ್ಟ ಮಾಸು, ಕಿಟಕಿ ಹತ್ತಿರ ಇಟ್ಟ ಮಾಸು. ಎರಡನ್ನೂ ಹೋಲಿಸಿದ್ವಿ. ಲೇಖನದಲ್ಲೂ ಹಾಗೇ ಬರೆದೆ. 'ನಾವು ಗಮನಿಸಿದೆವು' ಅಂತ." ಅವರು ಉಸಿರು ತೆಗೆದುಕೊಂಡರು. "ನಾವು ಅಂದ್ರೆ ಯಾರು? ಲೇಖನದ ಮೇಲೆ ಇದ್ದದ್ದು ನನ್ನ ಹೆಸರು ಒಂದೇ. ಗಮನಿಸಿದ್ದು ನಾನಲ್ಲ. ಅವಳು. ನನ್ನ ಹತ್ತಿರ ಬಂದು ಹೇಳಿದಾಗ ಸೀಸೆ ಅದಲುಬದಲು ಮಾಡಿದೀಯ ಅಂತ ಬೈದೆ. ಹನ್ನೊಂದು ದಿನ ಮಾತು ಬಿಟ್ಟೆ. ಹನ್ನೆರಡನೇ ದಿನ ಯಾರಿಗೂ ಹೇಳದೆ ನಾನೇ ಬಕೆಟ್ ತಗೊಂಡು ಆಸ್ಪತ್ರೆಗೆ ಹೋದೆ."

"ಹೌದು, ಬಂದಿದ್ರಿ," ಎಂದಳು ಸಿಸ್ಟರಮ್ಮ. "ಐಸೇ ತಂದಿರಲಿಲ್ಲ. ಖಾಲಿ ಬಕೆಟ್ಟು!"

ಎಲ್ಲರೂ ನಕ್ಕರು. ಈ ಸಲ ಮೇಷ್ಟ್ರಿಗೆ ಕೇಳಿಸಿತು. ಅವರೂ ನಕ್ಕರು.

"ಹೌದು. ಐಸ್ ಎಲ್ಲಿ ಸಿಗುತ್ತೆ ಅಂತಲೇ ನನಗೆ ಗೊತ್ತಿರಲಿಲ್ಲ. ದಿನಾ ಅವಳೇ ತರೋಳು. ಕೊನೆಗೆ ನಾಚಿಕೆ ಬಿಟ್ಟು ಅವಳನ್ನೇ ಕರೆದುಕೊಂಡು ಹೋದೆ. ಮೂರು ಸಲ ಮಾಡಿ ನೋಡಿದ್ವಿ. ಮೂರು ಸಲವೂ ಅವಳು ಹೇಳಿದ್ದೇ ಸರಿ. ಆಮೇಲೆ ಕೇಳಿದೆ, ನಿನಗೆ ಏನು ಬೇಕಮ್ಮ ಅಂತ. ಐಸ್ ಮಾಡೋ ಮಿಷಿನ್ ಬೇಕು ಸಾರ್ ಅಂದಳು. ಕೊಡಿಸಿದೆ. ಲೆಕ್ಕ ಚುಕ್ತಾ ಆಯ್ತು ಅಂದುಕೊಂಡುಬಿಟ್ಟೆ."

"ಹೆಸರಿನ ಬದಲಿಗೆ ಐಸು!" ಎಂದಳು ಸಿಸ್ಟರಮ್ಮ.

"ಆಗ ಲ್ಯಾಬ್ ಕೆಲಸದವರ ಹೆಸರು ಹಾಕೋ ರೂಢಿ ಇರಲಿಲ್ಲ," ಎಂದು ಶುರುಮಾಡಿದ ಮೇಷ್ಟ್ರು ಅಲ್ಲೇ ನಿಲ್ಲಿಸಿದರು. ತಲೆ ಅಲ್ಲಾಡಿಸಿದರು. "ಅದು ನೆವ. ನನಗೆ ಹೊಟ್ಟೆಕಿಚ್ಚಾಗಿತ್ತು. ಅಷ್ಟೆ."

ಬೇಲಿಯಾಚೆ ಯಾವುದೋ ಸ್ಕೂಟರ್ ಶುರುವಾಗದೆ ಗೊರಗುಟ್ಟುತ್ತಿತ್ತು. ಮೇಷ್ಟ್ರು ಪೆಟ್ಟಿಗೆಯ ಕಡೆ ತಿರುಗಿ, ಪ್ರಯೋಗಾಲಯದಲ್ಲಿ ಕರೆಯುತ್ತಿದ್ದ ಹಾಗೇ, "ನೋಡಮ್ಮ, ಹೇಳಿದೀನಿ," ಎಂದರು. ಹಗ್ಗ ಹಿಡಿದವರಿಗೆ ಇಳಿಸಿ ಎಂದು ಸನ್ನೆ ಮಾಡಿದರು.

ಪೆಟ್ಟಿಗೆ ಇಳಿಯಿತು. ಮೊದಲ ಹಿಡಿ ಮಣ್ಣು ತಂಗಿ ಹಾಕಿದಳು. ಈಗ ಅವಳು ನಿಜವಾಗಿ ಅಳುತ್ತಿದ್ದಳು. ಮಗಳು ಅವಳನ್ನು ಅಪ್ಪಿಕೊಂಡು ನಿಂತಳು. ಸಿಸ್ಟರಮ್ಮ ಎರಡೂ ಕೈ ತುಂಬ ಮಣ್ಣು ಹಾಕಿ, ಕೈ ಕೊಡವಿ, "ಒಳಗೆ ತಣ್ಣಗಿದೆ ಕಣೇ, ನಿನಗೆ ಹಿಡಿಸುತ್ತೆ," ಎಂದಳು.

*

ವಾಪಸು ಬಂದು ಮನೆಯ ಹಜಾರದಲ್ಲಿ ಇಪ್ಪತ್ತು ಜನ ಕೂತರು. ಕುರ್ಚಿ ಸಾಲದೆ ಕೆಲವರು ಹಾಸಿಗೆಯ ಮೇಲೆ, ಕೆಲವರು ಕಿಟಕಿಯ ಕಟ್ಟೆಯ ಮೇಲೆ. ಎದುರುಮನೆಯವರು ದೊಡ್ಡ ಪಾತ್ರೆಯಲ್ಲಿ ಟೀ ಕಳಿಸಿದರು. ಸ್ಮಶಾನದಲ್ಲಿ ಹಿಡಿದುಕೊಂಡಿದ್ದ ಮಾತೆಲ್ಲ ಇಲ್ಲಿ ಹೊರಬಂತು. ಬಕೆಟ್ಟಿನಲ್ಲಿ ಏನಿದೆಯೆಂದು ಇಣುಕಿ ನೋಡಿ ಬಸ್ಸಿನಲ್ಲೇ ವಾಂತಿ ಮಾಡಿದ ಪೊಲೀಸಿನವನ ಕತೆ. ತಣ್ಣನೆಯ ಕೋಣೆಯ ಬಾಗಿಲು ಆಚೆಯಿಂದ ಬಿಗಿದುಹೋಗಿ, ಒಳಗೆ ಸಿಕ್ಕಿಬಿದ್ದ ಗೋಂದಕ್ಕ ಮತ್ತು ಉದ್ದಣ್ಣ ಮೈ ಬೆಚ್ಚಗಾಗಲೆಂದು ಒಂದು ಗಂಟೆ ಕುಂಟೆಬಿಲ್ಲೆ ಆಡಿದ ಕತೆ. "ಅಕ್ಕನೇ ಗೆದ್ದಿದ್ದು," ಎಂದ ಉದ್ದಣ್ಣ.

ಮೇಷ್ಟ್ರು ಟೀ ಕುಡಿಯಲಿಲ್ಲ. ಲೋಟವನ್ನು ಪಕ್ಕಕ್ಕಿಟ್ಟು, "ನನಗೊಂದು ಹಾಳೆ ಕೊಡಮ್ಮ," ಎಂದು ಮಗಳನ್ನು ಕೇಳಿದರು. "ನನ್ನ ಲೇಖನ ಹಾಕಿದ್ದ ಆ ಪತ್ರಿಕೆ ಇನ್ನೂ ಬರ್ತಿದೆ. ಅವರಿಗೊಂದು ಕಾಗದ ಬರೀಬೇಕು."

"ನಾಳೆ ನಾನು ಟೈಪ್ ಮಾಡಿ ಕಳಿಸ್ತೀನಿ ಸಾರ್," ಎಂದ ಉದ್ದಣ್ಣ.

"ನನಗೆ ಎಂಬತ್ತಾರು ಕಣಯ್ಯ. ನಾಳೆ ಗೀಳೆ ಅನ್ನಬೇಡ. ಈಗಲೇ ಬರೀತೀನಿ."

ಊಟದ ಮೇಜನ್ನು ಎಳೆದು ಅವರ ಮುಂದೆ ಹಾಕಿದರು. ಹಾಳೆ ಇಟ್ಟ ಕೂಡಲೇ ಮೇಲಿದ್ದ ಫ್ಯಾನಿನ ಗಾಳಿಗೆ ಅದು ಹಾರಿ ಟೀ ಪಾತ್ರೆಯ ಮೇಲೆ ಕೂತಿತು. ಫ್ಯಾನ್ ನಿಲ್ಲಿಸುವಂತಿರಲಿಲ್ಲ, ನಿಲ್ಲಿಸಿದರೆ ಇಪ್ಪತ್ತು ಜನ ಬೆಂದುಹೋಗುತ್ತಿದ್ದರು. ಬೇರೆ ಹಾಳೆ ತಂದು ಮಗಳು ಒಂದು ಮೂಲೆಯನ್ನು ಒತ್ತಿ ಹಿಡಿದಳು, ಉದ್ದಣ್ಣ ಇನ್ನೊಂದನ್ನು.

ಮೇಷ್ಟ್ರು ಬರೆದರು, ಬರೆದದ್ದನ್ನು ಗಟ್ಟಿಯಾಗಿ ಓದಿದರು. "ಅವರ ನೆರವಿನಿಂದ ನಾನು..."

"ನೆರವಾ?" ಎಂದಳು ಸಿಸ್ಟರಮ್ಮ. "ಯಾರು ಯಾರಿಗೆ ನೆರವಾಗಿದ್ದು ಮೇಷ್ಟ್ರೇ? ಖಾಲಿ ಬಕೆಟ್ ತಂದೋರು ಯಾರು?"

ಮೇಷ್ಟ್ರು ಆ ಹಾಳೆಯನ್ನು ಮುದ್ದೆ ಮಾಡಿದರು. ಮತ್ತೊಂದು ಹಾಳೆ ಬಂತು. ಈ ಸಲ ಮಹನೀಯರೇ ಎಂದು ಹಾಕಬೇಕೋ ಬೇಡವೋ ಎಂದು ಇಬ್ಬರು ಹಳೆಯ ವಿದ್ಯಾರ್ಥಿಗಳು ವಾದಕ್ಕೆ ಬಿದ್ದರು. ಎದುರುಮನೆಯಾಕೆ ಕೂಡ ತನ್ನ ಅಭಿಪ್ರಾಯ ಹೇಳಿದಳು. "ಬಾಯಿ ಮುಚ್ಚಿ ಎಲ್ಲರೂ!" ಎಂದು ಗದರಿ ಮೇಷ್ಟ್ರು ತಲೆ ತಗ್ಗಿಸಿದರು. ಪ್ರಯೋಗಾಲಯದಲ್ಲಿ ಹೀಗೆ ಗದರುತ್ತಿದ್ದ ಕಾಲದ ಹಾಗೇ ಎಲ್ಲರೂ ಸುಮ್ಮನಾದರು. ಅಕ್ಷರ ದುಂಡಗೆ ಬಂತು. ಬರೆದು ಮುಗಿಸಿ ಓದಿದರು.

"ಮೂವತ್ತೆಂಟು ವರ್ಷಗಳ ಹಿಂದೆ ತಮ್ಮ ಪತ್ರಿಕೆಯಲ್ಲಿ ಪ್ರಕಟವಾದ ನನ್ನ ಲೇಖನದಲ್ಲಿ ಒಂದು ತಪ್ಪು ಉಳಿದಿದೆ. ಆ ತಪ್ಪು ಲೇಖಕರ ಹೆಸರಿನಲ್ಲಿದೆ. ಮೊದಲ ಲೇಖಕರ ಹೆಸರು ಹೀಗಿರತಕ್ಕದ್ದು."

ಪೆನ್ನು ಅಲ್ಲಿಗೆ ನಿಂತಿತು. ಮೇಷ್ಟ್ರು ಕತ್ತೆತ್ತಿ ಉದ್ದಣ್ಣನ ಮುಖ ನೋಡಿದರು. ಉದ್ದಣ್ಣ ಸಿಸ್ಟರಮ್ಮನ ಮುಖ ನೋಡಿದ. ಗೋಂದಕ್ಕನ ಪೂರ್ತಿ ಹೆಸರನ್ನು, ತಂದೆಯ ಹೆಸರಿನ ಮೊದಲಕ್ಷರದ ಸಮೇತ ಹೇಗೆ ಬರೆಯಬೇಕೆಂದು ಅವರಲ್ಲಿ ಯಾರಿಗೂ ಗೊತ್ತಿರಲಿಲ್ಲ.

ತಂಗಿ ಎದ್ದು ಬಂದಳು. ಸೆರಗಿನಿಂದ ಮುಖ ಒರೆಸಿಕೊಂಡು ಮೇಜಿನ ಪಕ್ಕ ನಿಂತಳು. ಹಾಳೆಯ ಕೆಳಗಿನ ಅಂಚು ಪಟಪಟ ಬಡಿಯುತ್ತಿತ್ತು. ಸಿಸ್ಟರಮ್ಮ ಒಂದು ಕೈಯಿಟ್ಟಳು. ಎದುರುಮನೆಯಾಕೆ ಇನ್ನೊಂದು ಕೈಯಿಟ್ಟಳು. ನಾಲ್ಕು ಕೈಗಳ ನಡುವೆ ಹಾಳೆ ಅಲುಗದೆ ಬಿಗಿಯಾಗಿ ನಿಂತಿತು. ತಂಗಿ ಗಂಟಲು ಸರಿಮಾಡಿಕೊಂಡು, ಕೌಂಟರಿನ ಗಾಜಿನಾಚೆಗೆ ಹೇಳುವ ಹಾಗೆ, ಅಕ್ಕನ ಹೆಸರನ್ನು ಒಂದೊಂದೇ ಅಕ್ಷರವಾಗಿ ಹೇಳತೊಡಗಿದಳು. ಒಂದು ಅಕ್ಷರ ಬರೆದಾದ ಮೇಲೆ ಮೇಷ್ಟ್ರು ಕಿವಿಯನ್ನು ಅವಳ ಕಡೆ ತಿರುಗಿಸಿ ಮುಂದಿನದಕ್ಕೆ ಕಾಯುತ್ತಿದ್ದರು.